ಬಯಲುಸೀಮೆಯ ಮನೆಯಲ್ಲೊಂದು ಕಡಲು

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಆಂಧ್ರದ ಗಡಿಯ ಸಮೀಪದಲ್ಲಿರುವ ಹೋಬಳಿ ಕೇಂದ್ರ. ಸುತ್ತಲೂ ಬಂಡೆಗುಡ್ಡಗಳು, ಮಾವಿನ ತೋಪುಗಳು, ಮಳೆಯ ದಾರಿಯನ್ನೇ ಕಾಯುವ ಕೆರೆಗಳು. ನೇರ ಗೆರೆಯಲ್ಲಿ ಅಳೆದರೆ ಪೂರ್ವದ ಬಂಗಾಳ ಕೊಲ್ಲಿಗೆ ಇಲ್ಲಿಂದ ಸುಮಾರು ಇನ್ನೂರು ಕಿಲೋಮೀಟರು. ಪಶ್ಚಿಮದ ಅರಬ್ಬಿ ಸಮುದ್ರಕ್ಕೆ ಹತ್ತಿರಹತ್ತಿರ ಅದರ ಎರಡರಷ್ಟು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯಿದು. ಇಂಥ ಊರಿನಲ್ಲಿ ಕಡಲ ಮೀನನ್ನು ಸಾಕುವ ಮಾತೆತ್ತಿದರೆ ಕೇಳಿದವರು ನಕ್ಕಾರು.

ಆದರೂ ಆಸೆಗೆ ಊರು ಕೇರಿಗಳ ಹಂಗಿಲ್ಲ. 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೋ’ ಚಿತ್ರವನ್ನು ನೋಡಿದ ಮಗುವೊಂದು, ಕಿತ್ತಳೆಯ ಮೈಮೇಲೆ ಬಿಳಿಯ ಪಟ್ಟೆ ಧರಿಸಿದ ಆ ಪುಟ್ಟ ಮೀನು ತನ್ನ ಮನೆಗೂ ಬರಲೆಂದು ಹಟ ಹಿಡಿಯುವುದು ಸಹಜ. ತಂದೆ ಬೆಂಗಳೂರಿನ ಅಂಗಡಿಗಳಲ್ಲಿ ವಿಚಾರಿಸಲು ಹೊರಡುವುದೂ ಸಹಜ. ಆಗ ಜಗಲಿಯ ಮೇಲೆ ಕುಳಿತ ಅಜ್ಜಿ, “ಕುಡಿಯೋ ನೀರಿಗೇ ಕ್ಯಾನು ಹಿಡಿದು ನಿಲ್ಲೋ ಊರಪ್ಪಾ ಇದು, ಮೀನಿಗೆ ಸಮುದ್ರಾನ ಎಲ್ಲಿಂದ ತರ್ತೀಯೋ?” ಎಂದು ಕೇಳಿದರೆ ಅದು ಅಡ್ಡಮಾತಲ್ಲ. ಉಪ್ಪುನೀರಿನ ತೊಟ್ಟಿಯನ್ನು ಕಟ್ಟಹೊರಟವನು ಮೊಟ್ಟಮೊದಲು ಉತ್ತರಿಸಬೇಕಾದ ಪ್ರಶ್ನೆಯೇ ಅದು. ಇಲ್ಲಿ ಸಾಕಬೇಕಾದುದು ಮೀನನ್ನಲ್ಲ, ನೀರನ್ನು. ನೀರು ಬದುಕಿದರೆ ಮೀನು ತಾನಾಗಿ ಬದುಕುತ್ತದೆ. ಕೊಳ್ಳಬೇಕಾದ ಪರಿಕರಗಳೆಲ್ಲವೂ ಈ ಒಂದು ಕೆಲಸಕ್ಕಾಗಿಯೇ ಇವೆ.

ಸೇವಕಿಯ ಕೈಯ ಕೆಲಸ

ಈ ಹವ್ಯಾಸದ ಚರಿತ್ರೆಯೇ ಇದಕ್ಕೆ ಸಾಕ್ಷಿ. 1846ರಲ್ಲಿ ಅನಾ ಥಿನ್ ಎಂಬ ಆಂಗ್ಲ ಮಹಿಳೆ ಟಾರ್ಕಿಯ ಕಡಲತೀರದಿಂದ ಕೆಲವು ಜೀವಂತ ಹವಳಗಳನ್ನು ಲಂಡನ್ನಿನ ತಮ್ಮ ಮನೆಗೆ ಕೊಂಡೊಯ್ದರು. ವಿದ್ಯುತ್ ಪಂಪುಗಳಿಲ್ಲದ ಕಾಲವದು. ಮನೆಯ ಸೇವಕಿ ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಸುರಿಯುತ್ತಿದ್ದಳು. ಗಾಳಿ ಬೆರೆತ ನೀರಿನಿಂದಾಗಿ ಹವಳಗಳು ಉಸಿರು ಹಿಡಿದವು. ಇಂದು ಅಂಗಡಿಯ ಕಪಾಟಿನಲ್ಲಿ ಸಾಲಾಗಿ ಕುಳಿತಿರುವ ಯಂತ್ರಗಳಲ್ಲಿ ಹಲವು ಆ ಸೇವಕಿಯ ತೋಳುಗಳ ಕೆಲಸವನ್ನೇ ಮಾಡುತ್ತವೆ.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿ ವಿಜ್ಞಾನಿಯ ಗ್ರಂಥವು ‘ಅಕ್ವೇರಿಯಂ’ ಎಂಬ ಹೆಸರನ್ನು ಮನೆಮಾತಾಗಿಸಿತು. ಅದರ ಬೆನ್ನಲ್ಲೇ ಜನರು ಬುಟ್ಟಿ ಹಿಡಿದು ಕಡಲತೀರಕ್ಕೆ ನುಗ್ಗಿದರು. ಬಂಡೆಗಳ ನಡುವಣ ಸುಂದರವಾದ ಕೊಳಗಳು ಬರಿದಾದವು. ಗಾಸರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ತಮ್ಮ ಸ್ಮೃತಿಗ್ರಂಥದಲ್ಲಿ ಆ ಹಾನಿಯನ್ನು ನೋವಿನಿಂದ ದಾಖಲಿಸಿದ್ದಾರೆ. ಮನೆಯಲ್ಲಿ ಕಡಲನ್ನು ಇಟ್ಟುಕೊಳ್ಳುವ ಆಸೆ ಕಡಲಿಗೇ ಮುಳುವಾಗಬಹುದೆಂಬ ಎಚ್ಚರ ಅಷ್ಟು ಹಳೆಯದು.

ಮೊದಲನೆಯ ಪರಿಕರ ನೀರು

ಮುಂಬಯಿಯ ತಾರಾಪೋರೆವಾಲಾ ಮತ್ಸ್ಯಾಲಯವು 1951ರಲ್ಲಿ ಆರಂಭವಾದಾಗ ಎದುರಿಗೇ ಸಮುದ್ರವಿತ್ತು. ರಾಯಲ್ಪಾಡಿನ ಗೃಹಸ್ಥನ ಎದುರಿಗಿರುವುದು ಕೊಳವೆಬಾವಿ. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿಗಳಿಗೂ ಕೆಳಗಿನಿಂದ ನೀರೆತ್ತುವ ಬಾವಿಗಳುಂಟು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಹಲವೆಡೆ ಗಡಸಾಗಿರುತ್ತದೆ. ಫ್ಲೋರೈಡಿನ ಅಂಶವೂ ಹೆಚ್ಚು.

ಕುಡಿಯುವವರ ಹಲ್ಲು ಮೂಳೆಗಳಿಗೆ ಕೇಡು ತರುವ ಈ ಫ್ಲೋರೈಡು ಕಡಲ ಮೀನಿಗೆ ಅಷ್ಟು ಹೊಸತಲ್ಲವೆಂಬುದು ಸೋಜಿಗದ ಸಂಗತಿ. ಸಮುದ್ರದ ನೀರಿನಲ್ಲಿಯೇ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಫ್ಲೋರೈಡ್ ಇದೆ. ತೊಟ್ಟಿಗೆ ಹೆಚ್ಚಿನ ತೊಡಕು ತರುವವು ಹೊಲದ ಗೊಬ್ಬರದಿಂದ ಇಳಿದ ನೈಟ್ರೇಟು, ಬಂಡೆಯಿಂದ ಕರಗಿದ ಸಿಲಿಕೇಟು ಮೊದಲಾದವು. ಇವು ಪಾಚಿಗೆ ಒಳ್ಳೆಯ ಆಹಾರ. ಇಂಥ ನೀರನ್ನು ತುಂಬಿದರೆ ಕೆಲವೇ ವಾರಗಳಲ್ಲಿ ಗಾಜು, ಕಲ್ಲುಗಳ ಮೇಲೆ ಕಂದು ಲೇಪ ಹತ್ತಿಕೊಳ್ಳುತ್ತದೆ.

ಆದುದರಿಂದ ಆರ್.ಓ. ಯಂತ್ರದಿಂದ ಸೋಸಿದ ನೀರೇ ಆಗಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ದೊರೆಯುವ 20 ಲೀಟರಿನ ಕ್ಯಾನು ಇದಕ್ಕೆ ಒಳ್ಳೆಯ ಆರಂಭ. ಆದರೆ ಆ ನೀರಿನಲ್ಲಿಯೂ ಸ್ವಲ್ಪ ಲವಣ ಉಳಿದಿರುತ್ತದೆ. ಡಿ.ಐ. ಎಂದು ಕರೆಯುವ ರಾಳದ ಕೊಳವೆಯ ಮೂಲಕ ಅದನ್ನು ಇನ್ನೊಮ್ಮೆ ಹಾಯಿಸಿದರೆ ಉಳಿದುದೂ ಹೋಗುತ್ತದೆ. ಪೆನ್ನಿನಷ್ಟು ದೊಡ್ಡದಾದ ಟಿ.ಡಿ.ಎಸ್. ಮೀಟರನ್ನು ಅದ್ದಿದಾಗ ಸೊನ್ನೆ ತೋರಿಸಬೇಕು. ಅಂಕಿ ಏರತೊಡಗಿದರೆ ರಾಳ ಬದಲಿಸುವ ಕಾಲ ಬಂದಿತೆಂದು ಅರ್ಥ. ಅಗ್ಗದ ಈ ಮೀಟರು ಬೇರೆಲ್ಲ ಪರಿಕರಗಳಿಗಿಂತ ಮೊದಲು ಮನೆಗೆ ಬರಬೇಕಾದದ್ದು.

ಮನೆಯಲ್ಲಿಯೇ ಆರ್.ಓ. ಯಂತ್ರವಿದ್ದರೆ ಒಂದು ಮಾತನ್ನು ಮರೆಯಬಾರದು. ಒಂದು ಲೀಟರು ಶುದ್ಧನೀರು ಕೊಡುವಾಗ ಅದು ಸಾಮಾನ್ಯವಾಗಿ ಎರಡು ಮೂರು ಲೀಟರನ್ನು ಹೊರಚೆಲ್ಲುತ್ತದೆ. ಆ ನೀರು ಕುಡಿಯಲು ಯೋಗ್ಯವಲ್ಲದಿದ್ದರೂ ನೆಲ ಒರೆಸುವುದಕ್ಕೆ, ಶೌಚಾಲಯಕ್ಕೆ ಸಲ್ಲುತ್ತದೆ. ಬೆಂಗಳೂರಿನ ಬಳಕೆಯಾದ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಬೇಕಾಗಿ ಬಂದ ಸೀಮೆಯಲ್ಲಿ, ಹವ್ಯಾಸಕ್ಕಾಗಿ ನೀರನ್ನು ಚರಂಡಿಗೆ ಬಿಡುವುದು ಶೋಭಿಸದು.

ಅಡುಗೆಯ ಉಪ್ಪು ಸಾಲದು

ಶುದ್ಧನೀರಿಗೆ ಉಪ್ಪು ಸೇರಿಸಿದರೆ ಕಡಲಾಯಿತೆಂದು ಭಾವಿಸುವುದು ಸಾಮಾನ್ಯವಾದ ತಪ್ಪು. ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅದರಲ್ಲಿ 30 ಗ್ರಾಂನಷ್ಟು ಮಾತ್ರ ಅಡುಗೆಯ ಉಪ್ಪಿನಲ್ಲಿರುವ ಸೋಡಿಯಂ ಮತ್ತು ಕ್ಲೋರೈಡ್; ಉಳಿದ ಐದು ಗ್ರಾಂನಲ್ಲಿ ಸಲ್ಫೇಟು, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು ಅಡಗಿವೆ. 1872ರಿಂದ 1876ರವರೆಗೆ ಜಗತ್ತಿನ ಸಾಗರಗಳನ್ನು ಸುತ್ತಿದ ‘ಚಾಲೆಂಜರ್’ ಹಡಗು ತಂದ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಪರೀಕ್ಷಿಸಿದರು. ಉಪ್ಪಿನ ಒಟ್ಟು ಪ್ರಮಾಣ ಅಲ್ಲಲ್ಲಿ ಹೆಚ್ಚು ಕಡಮೆಯಾದರೂ ಈ ಮುಖ್ಯ ಅಂಶಗಳ ಪರಸ್ಪರ ಪ್ರಮಾಣ ತೆರೆದ ಸಾಗರಗಳಲ್ಲೆಲ್ಲ ಹೆಚ್ಚುಕಡಮೆ ಒಂದೇ ಎಂದು 1884ರಲ್ಲಿ ಅವರು ತೋರಿಸಿಕೊಟ್ಟರು. ಆ ಪ್ರಮಾಣವನ್ನು ಅನುಸರಿಸಿ ತಯಾರಿಸಿದ ಅಕ್ವೇರಿಯಂ ಲವಣಮಿಶ್ರಣವನ್ನೇ ಕೊಳ್ಳಬೇಕು.

ಉಪ್ಪನ್ನು ಮೀನಿರುವ ತೊಟ್ಟಿಗೆ ನೇರವಾಗಿ ಸುರಿಯುವಂತಿಲ್ಲ. ಬೇರೊಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಕರಗಿಸಿ, ಸಣ್ಣ ಪಂಪಿನಿಂದ ಒಂದು ದಿನ ಕಲಕುತ್ತಿರಬೇಕು. ಮನೆಯಲ್ಲಿ ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ ಬಿಡುವಾಗಿವೆಯೆಂದು ಅವುಗಳಲ್ಲಿ ಮಾತ್ರ ಉಪ್ಪುನೀರು ಕಲಸಬಾರದು. ನೀರಿಗಿಳಿಯುವ ತಾಮ್ರದ ಅಲ್ಪ ಅಂಶವೂ ಸೀಗಡಿ, ಶಂಖದ ಹುಳುಗಳಂಥ ಜೀವಿಗಳಿಗೆ ವಿಷ.

ಉಪ್ಪಿನ ಹದವನ್ನು ನಾಲಗೆ ಹೇಳಲಾರದು. ರಿಫ್ರ್ಯಾಕ್ಟೋಮೀಟರ್ ಎಂಬ ಪುಟ್ಟ ದುರ್ಬೀನಿನಂಥ ಉಪಕರಣದ ಗಾಜಿನ ಮೇಲೆ ಒಂದು ಹನಿ ಇಟ್ಟು ಬೆಳಕಿಗೆ ಹಿಡಿದರೆ ಹದ ಕಾಣುತ್ತದೆ: ಸಾವಿರಕ್ಕೆ 35, ಇಲ್ಲವೆ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು. ಮುಳ್ಳು ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರು ಅಗ್ಗವಾದರೂ ಮುಳ್ಳಿಗಂಟಿದ ಒಂದು ಗಾಳಿಗುಳ್ಳೆಯಿಂದಲೇ ಸುಳ್ಳು ಹೇಳಬಲ್ಲದು.

ಇನ್ನೊಂದು ಗುಟ್ಟು ಬಯಲುಸೀಮೆಯವರಿಗೆ ವಿಶೇಷವಾಗಿ ಬೇಕಾದದ್ದು. ಒಣಗಾಳಿಗೆ ತೊಟ್ಟಿಯ ನೀರು ದಿನವೂ ಆವಿಯಾಗುತ್ತದೆ. ಆದರೆ ಉಪ್ಪು ಹಿಂದೆಯೇ ಉಳಿಯುತ್ತದೆ. ಆದ್ದರಿಂದ ತಗ್ಗಿದ ಮಟ್ಟವನ್ನು ತುಂಬಬೇಕಾದದ್ದು ಸಿಹಿಯಾದ ಶುದ್ಧನೀರಿನಿಂದ. ಉಪ್ಪುನೀರನ್ನೇ ಸುರಿಯುತ್ತ ಹೋದರೆ ತೊಟ್ಟಿಯು ಬರಬರುತ್ತ ಉಪ್ಪಿನ ಮಡಿಯಾದೀತು.

ತೊಟ್ಟಿ ಮತ್ತು ಪೀಠ

ಚಿಕ್ಕ ತೊಟ್ಟಿಯಾದರೆ ಸುಲಭವೆಂದು ಹೊಸಬರು ತಿಳಿಯುತ್ತಾರೆ. ನಿಜ ಇದಕ್ಕೆ ವಿರುದ್ಧ. ನೀರು ಕಡಮೆಯಿದ್ದಷ್ಟೂ ಉಪ್ಪಿನ ಹದ, ಶಾಖ, ಹೊಲಸು ಬೇಗ ಬೇಗ ಏರುಪೇರಾಗುತ್ತವೆ. ದೊಡ್ಡ ಹಂಡೆಯ ನೀರು ನಿಧಾನವಾಗಿ ಆರುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸುಮಾರು 190 ಲೀಟರು ಹಿಡಿಯುತ್ತದೆ. ಮೊದಲ ತೊಟ್ಟಿಗೆ ಅದು ತಕ್ಕ ಅಳತೆ. 10 ಮಿಲಿಮೀಟರು ದಪ್ಪದ ಗಾಜು, ಸಿಲಿಕೋನಿನ ಬೆಸುಗೆ ಇರಲಿ. ಲೋಹದ ಚೌಕಟ್ಟು ಬೇಡ. ಉಪ್ಪು ಅದನ್ನು ತಿನ್ನುತ್ತದೆ.

ನೀರು, ಕಲ್ಲು, ಮರಳು, ಗಾಜು ಸೇರಿ ಇದರ ಭಾರ ಎರಡೂವರೆ ಕ್ವಿಂಟಲಿನ ಆಸುಪಾಸಾಗುತ್ತದೆ. ಹಳೆಯ ಊಟದ ಮೇಜು ಇದನ್ನು ತಾಳಲಾರದು. ಸಮತಟ್ಟಾದ, ಗಟ್ಟಿಯಾದ ಪೀಠವನ್ನು ಇದಕ್ಕೆಂದೇ ಮಾಡಿಸಬೇಕು. ಕಿಟಕಿಯ ನೇರ ಬಿಸಿಲು ಬೀಳದ ಗೋಡೆಯೇ ಸರಿಯಾದ ಜಾಗ.

ಕಲ್ಲು, ಮರಳು, ಕಾಯಿದೆ

ತೊಟ್ಟಿಯೊಳಗಿನ ಕಲ್ಲು ಬರಿಯ ಅಲಂಕಾರವಲ್ಲ. ಮೀನಿನ ಮಲಮೂತ್ರ, ಉಳಿದ ಆಹಾರಗಳಿಂದ ಹುಟ್ಟುವ ಅಮೋನಿಯವನ್ನು ಒಂದು ಬಗೆಯ ಸೂಕ್ಷ್ಮಾಣುಗಳು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಅವುಗಳ ಮನೆ ಕಲ್ಲಿನ ರಂಧ್ರಗಳು. 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬವರು, ಕಡಲಿನ ಜೀವಭರಿತ ಕಲ್ಲುಗಳನ್ನಿಟ್ಟು ಸಣ್ಣಗೆ ಗಾಳಿ ಊದುವುದರಿಂದಲೇ ತೊಟ್ಟಿಯನ್ನು ನಡೆಸಬಹುದೆಂದು ಬರೆದರು. ಈ ಕಲೆಯ ಹಾದಿಯನ್ನೇ ಬದಲಿಸಿದ ಮಾತದು.

ಕೋಲಾರದ ಬಂಡೆ ಈ ಕೆಲಸಕ್ಕೆ ಬಾರದು. ಗಟ್ಟಿಯಾದ ಆ ಕಲ್ಲಿನಲ್ಲಿ ಸೂಕ್ಷ್ಮಾಣುಗಳಿಗೆ ಸಾಕಷ್ಟು ಸಂದುಗೊಂದುಗಳಿಲ್ಲ. ಹಾಗೆಂದು ರಾಮೇಶ್ವರದ ಯಾತ್ರೆಗೆ ಹೋದಾಗ ಹವಳದ ತುಂಡನ್ನು ಚೀಲಕ್ಕಿಳಿಸುವಂತೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಿತ ಜೀವಿಗಳ ಪಟ್ಟಿಗೆ 2001ರಲ್ಲಿ ಗಟ್ಟಿ ಹವಳಗಳನ್ನೂ ಸಮುದ್ರಕುದುರೆಗಳನ್ನೂ ಸೇರಿಸಲಾಯಿತು. ಅವನ್ನು ಕೀಳುವುದು, ಮಾರುವುದು ಅಪರಾಧ. ಗಾಸರ ಕಾಲದ ತೀರಕ್ಕಾದ ಗತಿ ನಮ್ಮ ತೀರಕ್ಕೆ ಆಗಬಾರದೆಂಬುದೇ ಇದರ ಉದ್ದೇಶ. ಅಕ್ವೇರಿಯಂಗೆಂದೇ ತಯಾರಾದ ರಂಧ್ರಭರಿತ ಒಣಕಲ್ಲು ಅಥವಾ ಸಿರಾಮಿಕ್ ಕಲ್ಲನ್ನು ಕೊಂಡರೆ ಸೂಕ್ಷ್ಮಾಣುಗಳು ನಿಧಾನವಾಗಿಯಾದರೂ ಅಲ್ಲಿ ನೆಲೆಸುತ್ತವೆ.

ಅಲೆ ಮತ್ತು ನೊರೆ

ಕಡಲು ನಿಂತ ನೀರಲ್ಲ. ತೊಟ್ಟಿಯಲ್ಲಿ ಅಲೆಯ ಕೆಲಸ ಮಾಡುವುದು ಸುಳಿಪಂಪು. ಅಂಗಡಿಯವರು ಇದನ್ನು ‘ವೇವ್ ಮೇಕರ್’ ಎನ್ನುತ್ತಾರೆ. ಮೀನು ಮಾತ್ರವಿರುವ ತೊಟ್ಟಿಯಲ್ಲಿ ಗಂಟೆಗೆ ಒಟ್ಟು ನೀರಿನ ಹತ್ತು ಪಟ್ಟಿನಷ್ಟಾದರೂ ಚಲಿಸಬೇಕು. 190 ಲೀಟರಿಗೆ ಗಂಟೆಗೆ ಸುಮಾರು 2000 ಲೀಟರು ತಳ್ಳುವ ಪಂಪು ಸಾಕು. ಅದರ ಬಾಯಿ ನೀರಿನ ಮೇಲ್ಮೈಯನ್ನು ಕದಡುವಂತಿರಲಿ. ಗಾಳಿ ಬೆರೆಯುವುದು ಅಲ್ಲಿಯೇ.

ಹೊಸಬರಿಗೆ ಒಗಟಾಗಿ ಕಾಣುವುದು ಪ್ರೋಟೀನ್ ಸ್ಕಿಮ್ಮರ್. ಬೆಲ್ಲದ ಪಾಕ ಕುದಿಯುವಾಗ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಸೌಟಿನಿಂದ ತೆಗೆದರೆ ಪಾಕ ತಿಳಿಯಾಗುತ್ತದೆ. ಸ್ಕಿಮ್ಮರ್ ಮಾಡುವುದೂ ಹೆಚ್ಚುಕಡಮೆ ಇದನ್ನೇ. ಉಪ್ಪುನೀರಿನೊಳಗೆ ಅದು ಹಾಯಿಸುವ ಅತಿ ಸಣ್ಣ ಗಾಳಿಗುಳ್ಳೆಗಳಿಗೆ ಕರಗಿದ ಕೊಳೆ ಅಂಟಿಕೊಂಡು, ನೊರೆಯಾಗಿ ಏರಿ ಮೇಲಿನ ಬಟ್ಟಲಿಗೆ ಬೀಳುತ್ತದೆ. ಎರಡು ಮೂರು ಮೀನುಗಳಿರುವ ತೊಟ್ಟಿಗೆ ಇದು ಇಲ್ಲದಿದ್ದರೂ ನಡೆದೀತು. ಆದರೆ ಕೊಳೆಯನ್ನು ಮೊದಲೇ ತೆಗೆಯುವುದರಿಂದ ನೀರು ಬದಲಿಸುವ ಅಗತ್ಯ ತಗ್ಗುತ್ತದೆ. ಕ್ಯಾನು ಲೆಕ್ಕದಲ್ಲಿ ನೀರು ತರುವ ಊರಿನಲ್ಲಿ ಇದಕ್ಕೆ ಹಾಕಿದ ಹಣ ವ್ಯರ್ಥವಲ್ಲ.

ದೀಪದ ವಿಷಯದಲ್ಲಿ ಮಾತ್ರ ಧಾರಾಳ ಬೇಡ. ನೂರಾರು ಬಣ್ಣ ಕಾರುವ ದುಬಾರಿ ದೀಪಗಳು ಹವಳಗಳಿಗಾಗಿ ಇವೆ. ಮೀನಿಗೆ ಸಾಮಾನ್ಯ ಎಲ್.ಇ.ಡಿ. ದೀಪ, ದಿನಕ್ಕೆ ಎಂಟು ಗಂಟೆ ಸಾಕು.

ಬಿಸಿಲು, ಚಳಿ, ಕರೆಂಟು

ಉಷ್ಣವಲಯದ ಕಡಲ ಮೀನಿಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ಡಿಸೆಂಬರಿನ ರಾತ್ರಿಗಳಿಗಾಗಿ ತಾನಾಗಿ ಆರುವ ಸಣ್ಣ ಹೀಟರು ಬೇಕು. ಏಪ್ರಿಲಿನ ಮಧ್ಯಾಹ್ನ ಇದಕ್ಕಿಂತ ಕಠಿಣ. ನೀರು ಬಿಸಿಯಾದಷ್ಟೂ ಅದು ಹಿಡಿದಿಡುವ ಆಮ್ಲಜನಕ ಕಡಮೆ; ಉಪ್ಪುನೀರಿನಲ್ಲಂತೂ ಇನ್ನೂ ಕಡಮೆ. 25 ಡಿಗ್ರಿಯಲ್ಲಿ ಒಂದು ಲೀಟರು ಸಿಹಿನೀರು 8 ಮಿಲಿಗ್ರಾಂಗೂ ಮಿಕ್ಕಿ ಆಮ್ಲಜನಕ ಹಿಡಿದರೆ, ಕಡಲ ನೀರು ಹಿಡಿಯುವುದು 7ಕ್ಕೂ ಕಡಮೆ. ಮೇಲ್ಮೈಗೆ ಗಾಳಿ ಬೀಸುವ ಪುಟ್ಟ ಫ್ಯಾನು ಎರಡು ಮೂರು ಡಿಗ್ರಿ ಇಳಿಸಬಲ್ಲದು. ಮಡಕೆಯ ನೀರು ತಣ್ಣಗಾಗುವ ಉಪಾಯವೇ ಇದು. ಒಣಹವೆಯಲ್ಲಿ ಚೆನ್ನಾಗಿ ಫಲಿಸುತ್ತದೆ. ಆದರೆ ನೀರು ಇನ್ನಷ್ಟು ಆವಿಯಾಗುವುದರಿಂದ ಸಿಹಿನೀರು ತುಂಬುವ ಕೆಲಸವೂ ಹೆಚ್ಚುತ್ತದೆ. ಅಷ್ಟಕ್ಕೂ ತಣಿಯದಿದ್ದರೆ ದುಬಾರಿಯಾದ ಚಿಲ್ಲರ್ ಯಂತ್ರವೊಂದೇ ಗತಿ. ಆ ಖರ್ಚನ್ನು ತಾಳಲಾಗದ ಮನೆ ಇದಕ್ಕೆ ಕೈಹಾಕುವ ಮೊದಲು ಒಂದು ಬೇಸಿಗೆಯ ಕೋಣೆಯ ಶಾಖವನ್ನು ಅಳೆದು ನೋಡುವುದು ಲೇಸು.

ಕರೆಂಟು ಹೋದಾಗ ಪಂಪು ನಿಲ್ಲುತ್ತದೆ. ಮೀನಿನ ಉಸಿರಿಗೆ ಸಂಚಕಾರ ಬರುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿಪಂಪನ್ನು ಮೊದಲ ದಿನವೇ ಕೊಂಡಿಡಬೇಕು. ಅದೂ ಕೈಕೊಟ್ಟರೆ ಪ್ಲಾಸ್ಟಿಕ್ ಚೊಂಬಿನಿಂದ ತೊಟ್ಟಿಯ ನೀರನ್ನು ಎತ್ತಿ ಎತ್ತಿ ಸುರಿಯುವುದೊಂದೇ ದಾರಿ. ಅನಾ ಥಿನ್ ಅವರ ಸೇವಕಿ ತೋರಿದ ದಾರಿಯದು.

ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ಮನೆಯಲ್ಲಿ ಮಕ್ಕಳಿರುವಾಗ ಭೂಸಂಪರ್ಕವುಳ್ಳ ಪ್ಲಗ್ಗು, ಸೋರಿಕೆಯಾದೊಡನೆ ಕರೆಂಟು ಕಡಿಯುವ ಆರ್.ಸಿ.ಸಿ.ಬಿ. ಸ್ವಿಚ್ಚು ಇರಲೇಬೇಕು. ಹನಿಯು ತಂತಿಯಗುಂಟ ಇಳಿದು ಪ್ಲಗ್ಗನ್ನು ಸೇರದಂತೆ ತಂತಿಯನ್ನು ಕೆಳಕ್ಕೆ ಬಾಗಿಸಿ ಕಟ್ಟಬೇಕು. ನೀರಿಗೆ ಕೈಯಿಡುವ ಮೊದಲು ಸ್ವಿಚ್ಚುಗಳನ್ನು ಆರಿಸಬೇಕು.

ಖಾಲಿ ತೊಟ್ಟಿಯ ಆರು ವಾರ

ಎಲ್ಲವನ್ನೂ ಜೋಡಿಸಿ, ನೀರು ತುಂಬಿ, ದೀಪ ಬೆಳಗಿದ ಸಂಜೆಯೇ ಮಗು ಮೀನಿಗಾಗಿ ಕಾತರಿಸುತ್ತದೆ. ಹಲವು ತೊಟ್ಟಿಗಳು ಸೋಲುವುದು ಈ ಕಾತರದಿಂದಲೇ. ಕಲ್ಲಿನಲ್ಲಿ ಸೂಕ್ಷ್ಮಾಣುಗಳು ಇನ್ನೂ ಬೇರೂರಿರುವುದಿಲ್ಲ. ಅಂದೇ ಬಿಟ್ಟ ಮೀನು ತನ್ನದೇ ಅಮೋನಿಯದಲ್ಲಿ ಸುಟ್ಟುಹೋಗುತ್ತದೆ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಬರಿಯ ನೀರಿಗೆ ಹಾಕುತ್ತ ನಾಲ್ಕರಿಂದ ಆರು ವಾರ ಕಾಯಬೇಕು. ಅಮೋನಿಯ, ನೈಟ್ರೈಟುಗಳನ್ನು ಅಳೆಯುವ ಪರೀಕ್ಷಾ ಕಿಟ್ಟು ಈ ಕಾಲದ ಸಂಗಾತಿ. ಅಮೋನಿಯವು ಮೊದಲು ಏರಿ ಇಳಿಯುತ್ತದೆ. ಅನಂತರ ನೈಟ್ರೈಟು ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನೈಟ್ರೇಟು ಕಾಣಿಸಿಕೊಂಡರೆ ತೊಟ್ಟಿಗೆ ಜೀವ ಬಂದಿತೆಂದು ತಿಳಿಯಬೇಕು. ಬಣ್ಣದ ಪಟ್ಟಿಯೊಡನೆ ಹೋಲಿಸಿ ಅಂಕಿ ಬರೆದಿಡುವ ಕೆಲಸವನ್ನು ಮಗುವಿಗೇ ಒಪ್ಪಿಸಿದರೆ ಕಾಯುವುದೂ ಒಂದು ಪಾಠವಾಗುತ್ತದೆ.

ಕೊನೆಗೆ ಕೊಳ್ಳಬೇಕಾದದ್ದು ಮೀನು. ಕಡಲಿನಿಂದ ಹಿಡಿದು ತಂದ ಮೀನಿಗಿಂತ ಕೇಂದ್ರಗಳಲ್ಲಿ ಮರಿಮಾಡಿಸಿ ಬೆಳೆಸಿದ ಮೀನು ಎಲ್ಲ ವಿಧದಲ್ಲೂ ಮೇಲು. ಭಾರತದಲ್ಲಿ 1947ರಲ್ಲಿ ಸ್ಥಾಪನೆಗೊಂಡ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನಗಳನ್ನು ರೂಪಿಸಿದೆ. ತೊಟ್ಟಿಯಲ್ಲಿಯೇ ಹುಟ್ಟಿದ ಮರಿ ಒಣ ಆಹಾರಕ್ಕೆ, ಗಾಜಿನ ಬಾಳಿಗೆ ಒಗ್ಗಿಕೊಂಡಿರುತ್ತದೆ. ಅದಕ್ಕೆ ಕಡಲಹೂವಿನ ಆಸರೆಯೂ ಅನಿವಾರ್ಯವಲ್ಲ. ತೊಟ್ಟಿಗೆ ಬಿಡುವ ಮೊದಲು ಕೆಲವು ವಾರ 40 ಲೀಟರಿನ ಬೇರೊಂದು ಸಣ್ಣ ತೊಟ್ಟಿಯಲ್ಲಿಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಒಂದು ಜೋಡಿಯಿಂದ ಆರಂಭಿಸಿದರೆ ಸಾಕು. ಈ ಮೀನುಗಳೆಲ್ಲ ಮೊದಲು ಗಂಡು. ಜೋಡಿಯಲ್ಲಿ ಬಲವಾದದ್ದು ಮುಂದೆ ಹೆಣ್ಣಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷಗಳಿಗೂ ಮಿಕ್ಕಿ ಬಾಳಬಲ್ಲವು. ಇಂದು ಹಟ ಹಿಡಿದ ಮಗು ಕಾಲೇಜಿಗೆ ಹೋಗುವಾಗಲೂ ಅವು ತೊಟ್ಟಿಯಲ್ಲಿದ್ದಾವು. ಕೊಳ್ಳುವ ಮುನ್ನ ಮನೆಯವರೆಲ್ಲ ಯೋಚಿಸಬೇಕಾದ ಮಾತಿದು.

ಇನ್ನು ಅಜ್ಜಿಯ ಪ್ರಶ್ನೆಗೆ ಉತ್ತರ. ತೊಟ್ಟಿಯನ್ನು ತುಂಬಲು ಮೊದಲೊಮ್ಮೆ ಎಂಟೊಂಬತ್ತು ಕ್ಯಾನು ನೀರು, ಆರೇಳು ಕಿಲೋಗ್ರಾಂ ಲವಣಮಿಶ್ರಣ ಬೇಕು. ಅನಂತರ ಹದಿನೈದು ದಿನಗಳಿಗೊಮ್ಮೆ ಬದಲಿಸಲು ಒಂದು ಕ್ಯಾನು. ಆವಿಯಾದುದನ್ನು ತುಂಬಲು ತಿಂಗಳಿಗೆ ಮೂರು ನಾಲ್ಕು ಕ್ಯಾನು, ಬೇಸಿಗೆಯಲ್ಲಿ ಇನ್ನೊಂದೆರಡು ಹೆಚ್ಚು. ಮನೆಯ ಕುಡಿಯುವ ನೀರಿಗೆ ಕೊರತೆಯಾಗದಂತೆ ಇಷ್ಟನ್ನು ವರ್ಷವಿಡೀ ಒದಗಿಸಬಲ್ಲವರು ತೊಟ್ಟಿ ಇಡಬಹುದು. ಒದಗಿಸಲಾರದವರು ಬೆಂಗಳೂರಿನ ಅಂಗಡಿಯಲ್ಲಿ ಮೀನನ್ನು ಕಣ್ತುಂಬ ನೋಡಿ ಹಿಂದಿರುಗುವುದರಲ್ಲಿ ಅವಮಾನವೇನೂ ಇಲ್ಲ.

ಲೆಕ್ಕ ಹೊಂದಿ ತೊಟ್ಟಿ ಬಂದ ಮನೆಯಲ್ಲಿ ಒಂದು ಬದಲಾವಣೆಯನ್ನು ಕಾಣಬಹುದು. ದಿನವೂ ಗೆರೆ ಗುರುತಿಸಿ, ತಗ್ಗಿದಷ್ಟು ನೀರನ್ನು ಅಳೆದು ಸುರಿಯಲು ಕಲಿತ ಮಗು, ಹಿತ್ತಲ ನಲ್ಲಿ ತೊಟ್ಟಿಕ್ಕುವುದನ್ನು ಕಂಡರೆ ಎದ್ದು ಹೋಗಿ ತಿರುಗಿಸಿ ಬರುತ್ತದೆ. ಅಜ್ಜಿಗೆ ಅದಕ್ಕಿಂತ ಬೇರೆ ಸಮಾಧಾನ ಬೇಕಾಗಲಾರದು.